ರೆಫರಿ ಎದುರು ವಾದಿಸಿದರೆ 10 ಮೀಟರ್ ಯಾಕೆ?

ನಮಸ್ಕಾರ ಅಕ್ಕಾ. ರಗ್ಬಿ ಪಂದ್ಯದಲ್ಲಿ ಎದುರು ತಂಡಕ್ಕೆ ಪೆನಾಲ್ಟಿ (ತಪ್ಪಿಗೆ ಪ್ರತಿಯಾಗಿ ಸಿಗುವ ಒದೆತ) ಕೊಟ್ಟಾಗ ನಿಮ್ಮ ಮಗ "ನಾನು ಪಕ್ಕಕ್ಕೆ ಸರಿದಿದ್ದೆ" ಅಂತ ವಾದಿಸಿದ, ರೆಫರಿ ಆ ಪೆನಾಲ್ಟಿಯ ಜಾಗವನ್ನು ಇನ್ನೂ 10 ಮೀಟರ್ ನಿಮ್ಮವರ ಗೋಲಿನ ಕಡೆಗೆ ಒಯ್ದರು, ಒಂದು ಮಾತಿಗೆ ಇಷ್ಟು ಶಿಕ್ಷೆಯಾ ಎಂದು ಕೇಳಿದ್ದೀರಿ. ನಾನು ಇರುವುದು ವೇಲ್ಸ್‌ನ ಕಾರ್ಡಿಫ್‌ನಲ್ಲಿ, ನನ್ನ ಮಗಳೂ ಆಡುತ್ತಾಳೆ. ಚಿಕ್ಕ ಮಕ್ಕಳ ಪಂದ್ಯಗಳಿಗೆ ನಾನೂ ಸೀಟಿ ಹಿಡಿದಿದ್ದೇನೆ. ಆ ರೆಫರಿ ಮಾಡಿದ್ದು ಸರಿ ಅಂತಲೇ ಹೇಳುತ್ತೇನೆ.

ತೀರ್ಪನ್ನು ಪ್ರಶ್ನಿಸಬಾರದು ಅಂತ ರಗ್ಬಿಯ ನಿಯಮದಲ್ಲೇ ಇದೆ. 10 ಮೀಟರ್ ಕಮ್ಮಿಯೇನಲ್ಲ. ಗೋಲಿಗೆ ಒದೆಯಲು ದೂರ ಇದ್ದ ಜಾಗ ಹತ್ತಿರವಾಗಿ 3 ಪಾಯಿಂಟ್ ಹೋಗಬಹುದು. ಹಾಗಾಗಿ ಬಾಯಿ ಬಿಟ್ಟವನನ್ನು ಅವನ ತಂಡದವರೇ ಸುಮ್ಮನಿರಿಸುತ್ತಾರೆ.

ಇದು ಬರೀ ಶಿಸ್ತಿನ ಮಾತಲ್ಲ. ರಗ್ಬಿ ರೆಫರಿ ಆಟದುದ್ದಕ್ಕೂ ಮಾತಾಡುತ್ತಲೇ ಇರುತ್ತಾರೆ. ಟ್ಯಾಕಲ್ (ಚೆಂಡು ಹಿಡಿದವನನ್ನು ಹಿಡಿದು ಬೀಳಿಸುವುದು) ಆದ ಕೂಡಲೇ "ರೋಲ್ ಅವೇ", ಅಂದರೆ ಉರುಳಿ ಪಕ್ಕಕ್ಕೆ ಹೋಗು. ರಕ್‌ನಲ್ಲಿ, ಅಂದರೆ ನೆಲದ ಚೆಂಡಿನ ಮೇಲೆ ಎರಡೂ ತಂಡದವರು ನಿಂತು ತಳ್ಳಾಡುವಾಗ, ಚೆಂಡು ನಿಂತರೆ "ಯೂಸ್ ಇಟ್", ಅಂದರೆ ಚೆಂಡನ್ನು ಹೊರತೆಗೆದು ಆಡಿ. ಆಮೇಲೆ 5 ಸೆಕೆಂಡಿನೊಳಗೆ ಆಡಬೇಕು. ಸ್ಕ್ರಮ್ (ಎರಡೂ ತಂಡದವರು ಬಾಗಿ, ಹೆಣೆದುಕೊಂಡು ಎದುರುಬದುರು ತಳ್ಳುವುದು) ಕೂಡುವುದೇ ಅವರ "ಕ್ರೌಚ್, ಬೈಂಡ್, ಸೆಟ್" (ಬಾಗಿ, ಹಿಡಿಯಿರಿ, ಕೂಡಿ) ಎಂಬ ಮಾತಿನ ಮೇಲೆ. ಅದನ್ನು ಕೇಳದೆ ನುಗ್ಗಿದರೆ ಕುತ್ತಿಗೆಗೇ ಅಪಾಯ. ಎಷ್ಟೋ ಸಲ ತಪ್ಪು ಆಗುವ ಮೊದಲೇ ಎಚ್ಚರಿಸುತ್ತಾರೆ. ವಾದದಲ್ಲಿ ಮುಳುಗಿದ ಹುಡುಗನಿಗೆ ಮುಂದಿನ ಎಚ್ಚರಿಕೆ ಕಿವಿಗೇ ಬೀಳುವುದಿಲ್ಲ. ನಿಮ್ಮ ಮಗನಿಗೆ ಮೊದಲು ಇದನ್ನು ಹೇಳಿ. ಸುಮ್ನೆ "ಎದುರು ಮಾತಾಡಬೇಡ" ಅಂದರೆ ಹದಿಮೂರರ ಹುಡುಗರು ಕೇಳ್ತಾರಾ?

ಸಂಶಯವಿದ್ದರೆ ಕ್ಯಾಪ್ಟನ್‌ಗೆ ಹೇಳಲಿ. ಆಟ ನಿಂತಾಗ ಕ್ಯಾಪ್ಟನ್ ಹೋಗಿ, "ಸರ್, ನಮ್ಮವರು ಎಲ್ಲಿ ತಪ್ಪುತ್ತಿದ್ದಾರೆ?" ಎಂದು ಕೇಳಬಹುದು. ಹಾಗೆ ಕೇಳಿದರೆ ಉತ್ತರ ಸಿಗುತ್ತದೆ. "ಅದು ತಪ್ಪಲ್ಲ" ಅಂದರೆ ಸಿಗುವುದಿಲ್ಲ.

ದೊಡ್ಡವರಿಗೂ ಇದೇ ಪಾಠ. 2012ರಲ್ಲಿ ಐರ್ಲೆಂಡಿನ ಮನ್‌ಸ್ಟರ್ ತಂಡದ ವಿರುದ್ಧ ಆಡುತ್ತಿದ್ದ ಇಟಲಿಯ ಟ್ರೆವಿಸೊ ತಂಡದ ಆಟಗಾರನೊಬ್ಬ ತೀರ್ಪು ಕೇಳಿ ಕೂಗಾಡಿದಾಗ, ವೇಲ್ಸ್‌ನ ರೆಫರಿ ನೈಜೆಲ್ ಓವೆನ್ಸ್ ಅವನನ್ನು ಕರೆದು, ಇಲ್ಲಿ ರೆಫರಿ ನಾನು, ಇದು ಫುಟ್‌ಬಾಲ್ ಅಲ್ಲ ಎಂದು ತಣ್ಣಗೆ ಹೇಳಿದರು. ಮೈಕ್ ಇದ್ದದ್ದರಿಂದ ಎಲ್ಲರಿಗೂ ಕೇಳಿಸಿತು. ಮಗನಿಗೆ ಆ ವಿಡಿಯೊ ತೋರಿಸಿ.

ಮೈದಾನದ ಹೊರಗೆ ಮಾತ್ರ ಈ ಗೌರವ ಕರಗುತ್ತಿದೆ. ಅದು ನನಗೆ ನಿಜಕ್ಕೂ ನೋವು. 2007ರ ವಿಶ್ವಕಪ್ ಕ್ವಾರ್ಟರ್ ಫೈನಲ್ ನಮ್ಮ ಕಾರ್ಡಿಫ್‌ನಲ್ಲೇ ನಡೆಯಿತು. ಫ್ರಾನ್ಸ್ ನ್ಯೂಜಿಲೆಂಡನ್ನು 20-18ರಿಂದ ಸೋಲಿಸಿತು. ರಗ್ಬಿಯಲ್ಲಿ ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ, ಆದರೆ ಹಾಗೆ ಎಸೆದ ಒಂದು ಪಾಸ್ ರೆಫರಿ ವೇಯ್ನ್ ಬಾರ್ನ್ಸ್ ಕಣ್ಣಿಗೆ ಬೀಳಲಿಲ್ಲ. ಅಷ್ಟಕ್ಕೇ ಕೊಲೆ ಬೆದರಿಕೆ ಬಂದವು. 2023ರ ಫೈನಲ್ ನಡೆಸಿದ ಕೆಲವೇ ದಿನಗಳಲ್ಲಿ ಅವರು ನಿವೃತ್ತರಾದರು. ಕುಟುಂಬಕ್ಕೂ ಬೆದರಿಕೆ ಬರುತ್ತಿದ್ದದ್ದನ್ನು ಬಾಯಿಬಿಟ್ಟು ಹೇಳಿದರು.

ಅದಕ್ಕೇ ನಿಮಗೂ ಒಂದು ಮಾತು, ಬೇಜಾರಾಗಬೇಡಿ. ಗೆರೆಯ ಆಚೆ ನಿಂತು "ಆಫ್‌ಸೈಡ್!" ಎಂದು ಕೂಗಬೇಡಿ. ಅಲ್ಲಿ ಸೀಟಿ ಹಿಡಿದಿರುವವರು ಹೆಚ್ಚಾಗಿ ಯಾರದೋ ಅಪ್ಪ, ಯಾರದೋ ಅಮ್ಮ. ಚಳಿಯಲ್ಲಿ ಭಾನುವಾರದ ನಿದ್ದೆ ಬಿಟ್ಟು ಬಂದವರು.

ಮುಂದಿನ ಪಂದ್ಯ ಮುಗಿದ ಮೇಲೆ ಮಗನೇ ಹೋಗಿ ಕೈ ಕುಲುಕಿ, "ರೋಲ್ ಅವೇ ಹೇಗೆ ಮಾಡಬೇಕಿತ್ತು?" ಎಂದು ಕೇಳಲಿ. ನನ್ನ ಮಗಳು ಕೇಳಿದಾಗ ಒಬ್ಬರು ಕೆಸರಲ್ಲೇ ಮಲಗಿ ಉರುಳಿ ತೋರಿಸಿದ್ದರು. ಅವನು ಯಾವ ಜಾಗದಲ್ಲಿ ಆಡುತ್ತಾನೆ, ಹೇಳಿ. ಫ್ಲಾಂಕರ್ (ಸ್ಕ್ರಮ್‌ನ ಅಂಚಿನಲ್ಲಿ ಇರುವವನು) ಆದರೆ ರಕ್ ಬಗ್ಗೆ ಇನ್ನೂ ಬರೆಯುತ್ತೇನೆ.