ದಸರಾ ಹತ್ತು ದಿನ: ಇಳಿಸಿದ ತೂಕ ಉಳಿಸಿಕೊಳ್ಳೋದು ಹೇಗೆ?

ಪ್ರಶ್ನೆ: ಮೈಸೂರಿನ ಕುವೆಂಪುನಗರದಲ್ಲಿದ್ದೇನೆ. ವಯಸ್ಸು 42. ಯುಗಾದಿ ಆದಮೇಲೆ ಶುರು ಮಾಡಿ 6 ಕೆಜಿ ಇಳಿಸಿದ್ದೇನೆ, ಈಗ 66 ಕೆಜಿ. ದಸರಾ ಹತ್ತಿರ ಬಂದಂತೆ ಭಯವಾಗುತ್ತಿದೆ. ಮನೆಯಲ್ಲಿ ಗೊಂಬೆ ಕೂರಿಸುತ್ತೇವೆ, ದಿನಾ ಸಂಜೆ ಒಂದೊಂದು ತಿಂಡಿ. ಊರಿಂದ ನಾದಿನಿ ಮನೆಯವರು ಬರುತ್ತಾರೆ. ಬೇಡ ಅಂದರೆ ಅತ್ತೆಗೆ ಬೇಜಾರು. ಹೋದ ವರ್ಷ ಹಬ್ಬ ಮುಗಿಯುವ ಹೊತ್ತಿಗೆ 2 ಕೆಜಿ ಏರಿತ್ತು. ಬೇಸರವಾಗಿ ವಾಕಿಂಗ್, ಊಟದ ಲೆಕ್ಕ ಎಲ್ಲಾ ಬಿಟ್ಟುಬಿಟ್ಟೆ. ಈ ಸಲ ಏನು ಮಾಡಲಿ?

ಉತ್ತರ: ಮೊದಲು ಆ 2 ಕೆಜಿ ವಿಷಯ ಮಾತಾಡೋಣ. ಯಾಕೆಂದರೆ ನಿಮ್ಮ ಮನಸ್ಸು ಮುರಿದಿದ್ದು ಅಲ್ಲೇ.

ಒಂದು ಕೆಜಿ ಕೊಬ್ಬು ಅಂದರೆ ಸುಮಾರು 7,700 ಕ್ಯಾಲರಿ. ಹತ್ತು ದಿನದಲ್ಲಿ 2 ಕೆಜಿ ಕೊಬ್ಬು ಸೇರಬೇಕಾದರೆ ಮಾಮೂಲಿ ಊಟದ ಮೇಲೆ ದಿನಾ ಇನ್ನೂ 1,500 ಕ್ಯಾಲರಿ ತಿನ್ನಬೇಕು. ಅದು ಹೆಚ್ಚುಕಮ್ಮಿ ಇನ್ನೊಂದು ಇಡೀ ದಿನದ ಊಟ. ನೀವು ಅಷ್ಟು ತಿಂದಿರಲಾರಿರಿ. ಹಾಗಾದರೆ ಕಾಟಾ ಯಾಕೆ ಏರಿತು? ಅನ್ನ, ಸಿಹಿ ಜಾಸ್ತಿ ತಿಂದಾಗ ದೇಹ ಅದರಲ್ಲಿ ಸ್ವಲ್ಪವನ್ನು ಗ್ಲೈಕೋಜನ್ ಆಗಿ ಮಾಂಸಖಂಡದಲ್ಲಿ, ಲಿವರ್‌ನಲ್ಲಿ ಕೂಡಿಡುತ್ತದೆ. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು 3 ಗ್ರಾಂ ನೀರೂ ಕೂತುಕೊಳ್ಳುತ್ತದೆ. ಪುಳಿಯೋಗರೆ, ಚಕ್ಕುಲಿ, ಹಪ್ಪಳದ ಉಪ್ಪು ಇನ್ನಷ್ಟು ನೀರು ಹಿಡಿದಿಡುತ್ತದೆ. ಏರಿದ್ದರಲ್ಲಿ ದೊಡ್ಡ ಪಾಲು ಈ ನೀರು. ನಾಲ್ಕೈದು ದಿನ ಮನೆಯ ಮಾಮೂಲಿ ಊಟಕ್ಕೆ ಮರಳಿದ್ದರೆ ಅದು ತಾನಾಗಿಯೇ ಇಳಿಯುತ್ತಿತ್ತು. ಹೋದ ವರ್ಷ ನಿಮಗೆ ನಷ್ಟ ಮಾಡಿದ್ದು ಹಬ್ಬದ ಊಟವಲ್ಲ, ಹಬ್ಬ ಆದಮೇಲೆ ಎಲ್ಲಾ ಬಿಟ್ಟಿದ್ದು.

ಅದಕ್ಕೇ ಈ ಸಲ ದಸರಾದಲ್ಲಿ ತೂಕ ಇಳಿಸುವ ಯೋಚನೆಯನ್ನೇ ಬಿಡಿ. ಇರುವ 66 ಉಳಿಸಿಕೊಂಡರೆ ಸಾಕು. ಹಬ್ಬ ಮುಗಿದ ಮಾರನೇ ದಿನ ಕಾಟಾ ಹತ್ತಬೇಡಿ. ಒಂದು ವಾರ ಬಿಟ್ಟು, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೋಡಿ.

ಆಯುಧಪೂಜೆ, ವಿಜಯದಶಮಿ ದಿನ ಎಲೆ ಮುಂದೆ ಕೂತು ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಂಡು ತಿನ್ನಿ. ಮೈಸೂರ್ ಪಾಕ್ ಕೂಡ ಹಾಗೇ. ಅರಮನೆಯ ಅಡುಗೆಮನೆಯಲ್ಲಿ ಹುಟ್ಟಿದ ತಿಂಡಿಯನ್ನು ದಸರಾದಲ್ಲೇ ಮುಟ್ಟಬೇಡಿ ಅನ್ನುವ ಮನಸ್ಸು ನನಗಿಲ್ಲ. ಕಷ್ಟ ಇರುವುದು ಬೇರೆ ಕಡೆ. ಅಡುಗೆ ಮಾಡುತ್ತಾ ರುಚಿ ನೋಡೋದು, ನಾಲ್ಕು ಮನೆ ಗೊಂಬೆ ನೋಡಿ ನಾಲ್ಕೂ ಕಡೆ ಕಾಫಿ ಜೊತೆ ಸಿಹಿ, ಹಬ್ಬ ಮುಗಿದರೂ ಡಬ್ಬಿಯಲ್ಲಿ ಉಳಿದ ಲಾಡು. ಇವನ್ನೆಲ್ಲ ಕೂತು ತಿಂದಿರುವುದಿಲ್ಲ, ಖುಷಿಯೂ ಸಿಕ್ಕಿರುವುದಿಲ್ಲ, ಆದರೆ ಸೇರುತ್ತಾ ಹೋಗುತ್ತವೆ. 40 ಗ್ರಾಂ ತೂಗುವ ಒಂದು ತುಂಡು ಮೈಸೂರ್ ಪಾಕ್ ಸುಮಾರು 200 ಕ್ಯಾಲರಿ. ನಿಮ್ಮ ತೂಕದವರು ಅರ್ಧ ಗಂಟೆ ಬಿರುಸಾಗಿ ನಡೆದರೂ ಅಷ್ಟು ಕರಗುವುದಿಲ್ಲ. ನಾಳೆ ಕುಕ್ಕರಹಳ್ಳಿ ಕೆರೆ ಇನ್ನೊಂದು ಸುತ್ತು ಹಾಕಿದರಾಯಿತು ಅನ್ನುವ ಲೆಕ್ಕ ಕೂಡಿಬರುವುದಿಲ್ಲ. ಕೂತು ತಿನ್ನುವ ಸಿಹಿ ದಿನಕ್ಕೆ ಒಂದು ಇರಲಿ. ಯಾವುದು ಅಂತ ನೀವೇ ಆರಿಸಿ. ಉಳಿದದ್ದನ್ನು ಮನೆಗೆ ಬಂದವರಿಗೆ ಅವತ್ತೇ ಕಟ್ಟಿಕೊಡಿ.

ಗೊಂಬೆ ನೋಡಲು ಬರುವವರಿಗೆ ಒಂಬತ್ತು ದಿನವೂ ಸಿಹಿಯೇ ಕೊಡಬೇಕು ಅಂತ ಎಲ್ಲೂ ಇಲ್ಲ, ಅಲ್ವಾ? ಕಡಲೆಕಾಳು, ಹೆಸರುಕಾಳು, ಅಲಸಂದೆ ಉಸಲಿ ನಮ್ಮ ನವರಾತ್ರಿಯದೇ ತಿಂಡಿ. ಪ್ರೋಟೀನ್ ಇದೆ, ನಾರಿನಂಶ ಇದೆ, ಬೇಗ ಹೊಟ್ಟೆ ತುಂಬುತ್ತದೆ. ಒಗ್ಗರಣೆಗೆ ಎಣ್ಣೆ ಎರಡು ಚಮಚ ಸಾಕು. ಹೆಚ್ಚು ದಿನ ಉಸಲಿ ಮಾಡಿ, ಸಿಹಿಗೆ ಮೂರು ದಿನ ಇಟ್ಟುಕೊಳ್ಳಿ. ಈ ಯೋಜನೆಯನ್ನು ಅತ್ತೆಯ ಜೊತೆ ಕೂತು ಮೊದಲೇ ಮಾಡಿ. ಅವರೇ ದಿನ ಹಂಚಿದರೆ ಬೇಜಾರಿನ ಮಾತೇ ಬರುವುದಿಲ್ಲ. ಊಟಕ್ಕೆ ಕೂತಾಗ ಡಯಟ್ ಅನ್ನುವ ಪದ ಬೇಡ. ಅದು ಬಡಿಸುವವರ ಕೈಯನ್ನು ತಳ್ಳಿದ ಹಾಗೆ ಕೇಳಿಸುತ್ತದೆ. "ಒಬ್ಬಟ್ಟು ತುಂಬಾ ಚೆನ್ನಾಗಿದೆ ಅತ್ತೆ, ಹೊಟ್ಟೆ ತುಂಬಿತು, ಇನ್ನೊಂದು ನಾಳೆ ತಿಂತೀನಿ" ಅನ್ನಿ.

ಎಲೆಗೆ ಕೋಸಂಬರಿ, ಪಲ್ಯ ಮೊದಲು ಬರುತ್ತವೆ. ಅನ್ನ ಬರುವ ಮುಂಚೆ ಅವನ್ನು ಮುಗಿಸಿಬಿಡಿ. ತರಕಾರಿ, ಬೇಳೆ ಮೊದಲು ಹೊಟ್ಟೆಗೆ ಹೋದರೆ ಆಮೇಲೆ ಅನ್ನ ತಿಂದಾಗ ರಕ್ತದ ಸಕ್ಕರೆ ನಿಧಾನವಾಗಿ ಏರುತ್ತದೆ. ಮಧ್ಯಾಹ್ನ ಹಬ್ಬದೂಟ ಇದೆ ಅಂತ ಬೆಳಿಗ್ಗೆ ತಿಂಡಿ ಬಿಡುವುದಂತೂ ಬೇಡವೇ ಬೇಡ. ಹಸಿದು ಕೂತವರಿಗೆ ಕೈ ತಡೆಯುವುದು ಕಷ್ಟ.

ದೀಪಾಲಂಕಾರ ನೋಡಲು ಹೋಗುವ ದಿನ ರಾತ್ರಿ ಊಟ ಮುಗಿಸಿಕೊಂಡೇ ಹೊರಡಿ. ಗಾಡಿ ದೂರ ನಿಲ್ಲಿಸಿ, ಸಯ್ಯಾಜಿರಾವ್ ರಸ್ತೆ, ಕೆ.ಆರ್. ವೃತ್ತ ಎಲ್ಲಾ ನಡೆದೇ ನೋಡಿ. ಆ ಜನಜಂಗುಳಿಯಲ್ಲಿ ಗಾಡಿಗಿಂತ ಕಾಲೇ ಬೇಗ ಮುಟ್ಟಿಸುತ್ತದೆ. ಮನೆ ತುಂಬಾ ನೆಂಟರಿದ್ದಾಗ ಬೆಳಗಿನ ಒಂದು ಗಂಟೆ ವಾಕಿಂಗ್ ಆಗದಿರಬಹುದು. ಊಟವಾದ ಮೇಲೆ ನಾದಿನಿಯನ್ನೂ ಕರೆದುಕೊಂಡು ಹದಿನೈದು ನಿಮಿಷ ಓಡಾಡಿ. ವಸ್ತುಪ್ರದರ್ಶನಕ್ಕೆ ಹೋದರೆ ಡೆಲ್ಲಿ ಹಪ್ಪಳ ಒಂದು ತಗೊಂಡು ನಾಲ್ಕು ಜನ ಮುರಿದುಕೊಂಡು ತಿನ್ನಿ.

ಪ್ರಶ್ನೆ: ಮಂಡ್ಯದಿಂದ ಬರೆಯುತ್ತಿದ್ದೇನೆ. 57 ವರ್ಷ. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ಮಾತ್ರೆ ತಗೋತೀನಿ. ತೂಕವೂ ಇಳಿಯಲಿ ಅಂತ ನವರಾತ್ರಿ ಒಂಬತ್ತು ದಿನ ಒಪ್ಪೊತ್ತು ಮಾಡೋಣ ಅಂತಿದ್ದೇನೆ. ಸಿಹಿಗೆ ಸಕ್ಕರೆ ಬದಲು ಬೆಲ್ಲ ಹಾಕಿದರೆ ಆಗುತ್ತಾ?

ಉತ್ತರ: ನಿಮ್ಮ ವೈದ್ಯರನ್ನು ಕೇಳದೆ ದಯವಿಟ್ಟು ಶುರು ಮಾಡಬೇಡಿ ಸ್ವಾಮಿ. ಗ್ಲಿಮೆಪಿರೈಡ್ ತಗೊಂಡು ಊಟ ಬಿಟ್ಟರೆ ರಕ್ತದ ಸಕ್ಕರೆ ಅಪಾಯವಾಗುವಷ್ಟು ಕುಸಿಯಬಹುದು. ಇನ್ಸುಲಿನ್ ತಗೊಳ್ಳುವವರಿಗೂ ಇದೇ ಮಾತು. ಮಾತ್ರೆಯನ್ನು ನೀವೇ ಬಿಡುವುದು, ಅರ್ಧ ಮಾಡುವುದೂ ಬೇಡ. ಎಷ್ಟು, ಯಾವ ಹೊತ್ತಿಗೆ ಅಂತ ವೈದ್ಯರೇ ಹೇಳಲಿ. ಒಪ್ಪೊತ್ತಿನಲ್ಲಿ ರಾತ್ರಿ ಸಬ್ಬಕ್ಕಿ ವಡೆ, ಅವಲಕ್ಕಿ, ಬಾಳೆಹಣ್ಣು ಒಟ್ಟಿಗೆ ತಿಂದರೆ ಸಕ್ಕರೆ ಏರುವುದೂ ಅಷ್ಟೇ ಜೋರು.

ಬೆಲ್ಲದ ವಿಷಯ ಮಂಡ್ಯದವರಿಗೆ ಹೇಳಲು ನನಗೂ ಕಷ್ಟವೇ. ಆಲೆಮನೆಯ ಬೆಲ್ಲದ ರುಚಿಗೆ ಸಾಟಿಯಿಲ್ಲ. ಆದರೆ ಅದರಲ್ಲಿರುವುದೂ ಬಹುಪಾಲು ಸಕ್ಕರೆಯೇ, ಕ್ಯಾಲರಿಯೂ ಹತ್ತಿರ ಹತ್ತಿರ ಅಷ್ಟೇ. ಬದಲಿ ಅಂತ ಧಾರಾಳವಾಗಿ ಹಾಕಬೇಡಿ. ಒಂದು ಹೊತ್ತು ಸಣ್ಣ ರಾಗಿ ಮುದ್ದೆ, ಜೊತೆಗೆ ಸೊಪ್ಪು, ಕಾಳು ಜಾಸ್ತಿ ಇರುವ ಬಸ್ಸಾರು ಉಂಡರೆ ಆ ಉಪವಾಸಕ್ಕಿಂತ ನಿಮಗೆ ಒಳ್ಳೆಯದು.

ಬೆವರು, ಕೈ ನಡುಕ, ಕಣ್ಣು ಕತ್ತಲೆ ಬಂದರೆ ಪೂಜೆ ಮುಗಿಯಲಿ ಅಂತ ಕಾಯಬೇಡಿ. ಗ್ಲುಕೋಮೀಟರ್‌ನಲ್ಲಿ 70ಕ್ಕಿಂತ ಕಡಿಮೆ ತೋರಿಸಿದರೆ, ಅಥವಾ ಮೀಟರ್ ಕೈಗೆ ಸಿಗದಿದ್ದರೂ, ಮೂರು ಟೀ ಚಮಚ ಸಕ್ಕರೆ ನೀರಿಗೆ ಕಲಸಿ ತಕ್ಷಣ ಕುಡಿಯಿರಿ. ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ, ಏರಿರದಿದ್ದರೆ ಇನ್ನೊಮ್ಮೆ ಕುಡಿಯಿರಿ, ಆಮೇಲೆ ಊಟ ಮಾಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕಬಾರದು, ನೇರ ಆಸ್ಪತ್ರೆಗೆ ಕರೆದೊಯ್ಯಬೇಕು. ಇದನ್ನು ಮನೆಯವರಿಗೂ ಇವತ್ತೇ ಹೇಳಿಡಿ.