ಬೋಧಿಸುವ ಮುಂಚೆ ಮನಸ್ಸಿನ ತಯಾರಿ ಹೇಗೆ?

ನಮಸ್ಕಾರ. ಬಂಗಾರಪೇಟೆ ಹತ್ತಿರದ ಹಳ್ಳಿಯಲ್ಲಿ ಮನೆಕೂಟ (ಮನೆಯೊಂದರಲ್ಲಿ ಸೇರಿ ಬೈಬಲ್ ಓದಿ ಪ್ರಾರ್ಥಿಸುವ ಕೂಟ) ನಡೆಸಲು ಹೇಳಿದ್ದಾರೆ, ಓದಿಕೊಂಡಿದ್ದೇನೆ, ಆದರೆ ಮನಸ್ಸು ಮಾತ್ರ ಒಣಗಿದೆ ಎಂದು ಬರೆದಿದ್ದೀರಿ.

ಬೈಬಲಿನ ಎಜ್ರ 7:10 ನೋಡಿ. ಶಾಸ್ತ್ರಿಯಾಗಿದ್ದ ಎಜ್ರ ಮನಸ್ಸು ಮಾಡಿದ್ದು ಮೂರಕ್ಕೆ: ಧರ್ಮಶಾಸ್ತ್ರವನ್ನು ಓದುವುದು, ಅದರಂತೆ ನಡೆಯುವುದು, ಆಮೇಲೆ ಕಲಿಸುವುದು. ನಾವು ನಡುವಿನದನ್ನು ಹಾರಿಸಿಬಿಡುತ್ತೇವೆ. ಕೂಟದಲ್ಲಿ ಓದುವ ಬೈಬಲ್ ಭಾಗವನ್ನು ಒಂದು ವಾರ ಮೊದಲೇ ಆರಿಸಿಕೊಳ್ಳಿ. ಟಿಪ್ಪಣಿ ಬರೆಯಬೇಡಿ, ದಿನಾ ಸುಮ್ನೆ ಓದಿ, ಅದನ್ನೇ ಹಿಡಿದು ಪ್ರಾರ್ಥಿಸಿ. ಕ್ಷಮಿಸುವುದರ ಬಗ್ಗೆ ಮಾತಾಡಬೇಕಿದ್ದರೆ, ಮಾತು ಬಿಟ್ಟಿರುವ ಅಣ್ಣನಿಗೋ ನೆರೆಯವರಿಗೋ ಮೊದಲು ಫೋನ್ ಮಾಡಿ. ಕಷ್ಟ ಇದೆ. ನನ್ನ ಪ್ರಕಾರ ತಯಾರಿಯ ಮುಕ್ಕಾಲು ಪಾಲು ಇದೇ.

ಪ್ರಾರ್ಥನೆಗೆ ನಸುಕು ಒಳ್ಳೆಯದು. ಕಪೆರ್ನೌಮ್ ಎಂಬ ಊರಿನಲ್ಲಿ ಹೊತ್ತು ಮುಳುಗಿದ ಮೇಲೂ ರೋಗಿಗಳನ್ನು ಗುಣಪಡಿಸಿದ ಯೇಸು ಸ್ವಾಮಿ, ಮರುದಿನ ಇನ್ನೂ ಕತ್ತಲಿರುವಾಗಲೇ ಎದ್ದು ಒಬ್ಬರೇ ಪ್ರಾರ್ಥಿಸಲು ಹೋದರು (ಮಾರ್ಕ 1:35). ಡೇರಿಗೆ ಹಾಲು ಹಾಕುವ ನಮ್ಮ ಕೋಲಾರದ ಕಡೆಯವರಿಗೆ ಬೇಗ ಏಳುವುದು ಹೊಸದೇನಲ್ಲ, ಅಲ್ವಾ?

ಇನ್ನೊಂದು. ರಥದಲ್ಲಿ ಪ್ರವಾದಿ ಯೆಶಾಯನ ಗ್ರಂಥ ಓದುತ್ತಿದ್ದ ಐಥಿಯೋಪ್ಯದ ಅಧಿಕಾರಿಗೆ, ಸುವಾರ್ತೆ ಸಾರುತ್ತಿದ್ದ ಫಿಲಿಪ್ಪನು ಮೊದಲೇ ಉಪದೇಶ ಶುರು ಮಾಡಲಿಲ್ಲ. ‘ಓದುತ್ತಿರುವುದು ಅರ್ಥವಾಗುತ್ತಿದೆಯೇ’ ಎಂದು ಕೇಳಿದ. ನೀವೂ ಮೊದಲ ಕೂಟದಲ್ಲಿ ಅರ್ಧ ಹೊತ್ತು ಅವರ ಮಾತು ಕೇಳಿ. ಉತ್ತರ ಗೊತ್ತಿಲ್ಲದಿದ್ದರೆ, ಪಾಸ್ಟರನ್ನು ಕೇಳಿ ಮುಂದಿನ ವಾರ ಹೇಳುತ್ತೇನೆ ಅನ್ನಿ.