ರಮ್ ಕುಡಿದರೆ ನಿದ್ದೆ ಬರುತ್ತೆ, ಕನಸು ಬಿಡಲ್ಲ

ಪ್ರಶ್ನೆ: ನಮ್ಮ ಯಜಮಾನರು ಹದಿನೇಳು ವರ್ಷ ಸೇನೆಯಲ್ಲಿದ್ದು ಹವಾಲ್ದಾರರಾಗಿ ನಿವೃತ್ತರಾದವರು. ಎರಡು ಸಲ ಕಾಶ್ಮೀರದಲ್ಲಿದ್ದರು. ಈಗ ಬ್ಯಾಂಕಿನಲ್ಲಿ ಗನ್‌ಮ್ಯಾನ್, ಲೈಸೆನ್ಸಿನ ಬಂದೂಕು ಅವರದ್ದೇ. ರಾತ್ರಿ ಮೂರರ ಹೊತ್ತಿಗೆ ಕಿರುಚಿ ಏಳುತ್ತಾರೆ. ಅಲುಗಾಡಿಸಿ ಎಬ್ಬಿಸಲು ಹೋದರೆ ಕೈ ತಿರುಚಿಬಿಟ್ಟರು. ಪಟಾಕಿ ಸದ್ದಿಗೆ ಬೆವರುತ್ತಾರೆ, ಮದುವೆ ಮನೆಗೂ ಬರುವುದಿಲ್ಲ. ದಿನಾ ಒಂದು ಕ್ವಾರ್ಟರ್ ಕ್ಯಾಂಟೀನ್ ರಮ್ ಬೇಕು. ಡಾಕ್ಟರ್ ಅಂದರೆ ‘ನನಗೇನು ಹುಚ್ಚೇ?’ ಅನ್ನುತ್ತಾರೆ.
– ಹೆಸರು ಬೇಡ, ಜಾಲಹಳ್ಳಿ

ಉತ್ತರ: ಹುಚ್ಚಲ್ಲ. ಕೆಟ್ಟ ಕನಸು, ಬೆಚ್ಚುವುದು, ಜನರಿಂದ ದೂರವಿರುವುದು ಒಂದು ತಿಂಗಳು ಮೀರಿ, ಮನೆ-ಕೆಲಸಕ್ಕೂ ಅಡ್ಡಿಯಾದರೆ ವೈದ್ಯರು ಪಿಟಿಎಸ್‌ಡಿಯನ್ನು, ಅಂದರೆ ಭಯಾನಕ ಅನುಭವದ ನಂತರ ಉಳಿಯುವ ಮಾನಸಿಕ ಕಾಯಿಲೆಯನ್ನು, ಶಂಕಿಸುತ್ತಾರೆ. ಮೊದಲ ಮಹಾಯುದ್ಧದಲ್ಲಿ ಇದನ್ನೇ ‘ಶೆಲ್ ಶಾಕ್’ ಅಂದರು. ಸಿಡಿದ ಫಿರಂಗಿ ಗುಂಡಿನ ಹೊಡೆತಕ್ಕೆ ಮಿದುಳು ಅಲುಗಿದೆ ಎಂಬ ಲೆಕ್ಕ. ಸ್ಫೋಟದ ಹತ್ತಿರವೂ ಇಲ್ಲದವರಿಗೆ ಅದೇ ನಡುಕ ಬಂದಾಗ ಆ ಲೆಕ್ಕ ತಪ್ಪಿತು. ಈಗಿನ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದು 1980ರಲ್ಲಿ.

ಮೊದಲು ಬಂದೂಕು. ‘ಸತ್ತರೆ ಸಾಕು’ ಎಂಬ ಮಾತು ಬರುತ್ತದೆಯೇ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಆ ಕ್ಷಣದ ಅಪಾಯವಿದ್ದರೆ ತುರ್ತು ಸಂಖ್ಯೆ 112. ಇಲ್ಲ ಅಂದರೂ ರಮ್ ಮತ್ತು ಬಂದೂಕು ಒಂದೇ ಮನೆಯಲ್ಲಿ ಬೇಡ. ಪೊಲೀಸ್ ಠಾಣೆಯಲ್ಲೋ ಲೈಸೆನ್ಸ್ ಇರುವ ಡೀಲರ್ ಬಳಿಯೋ ಠೇವಣಿ ಇಡಿಸಿ, ರಸೀದಿ ತೆಗೆದುಕೊಳ್ಳಿ. ಸಂಬಳದ ಪ್ರಶ್ನೆ ನಿಜ, ಆದರೂ ಚಿಕಿತ್ಸೆ ಹಿಡಿಯುವ ತನಕ ಬಂದೂಕಿಲ್ಲದ ಡ್ಯೂಟಿ ಕೇಳುವುದೇ ಸರಿ.

ರಾತ್ರಿ ಮುಟ್ಟಿ ಎಬ್ಬಿಸಬೇಡಿ. ಲೈಟ್ ಹಾಕಿ, ಮಂಚದ ಕಾಲ ಕಡೆ, ಕೈಗೆ ಸಿಗದಷ್ಟು ದೂರ ನಿಂತು ಹೆಸರು ಹಿಡಿದು ಅಥವಾ ನೀವು ದಿನಾ ಕರೆಯುವಂತೆಯೇ ಕರೆಯಿರಿ. ‘ಇದು ಜಾಲಹಳ್ಳಿ, ನಮ್ಮನೆ, ನಾನಿದ್ದೀನಿ’ ಅನ್ನಿ. ಪೂರ್ತಿ ಎಚ್ಚರವಾದ ಮೇಲೆ ನೀರು ಕೊಡಿ. ಏನು ಕನಸು ಎಂದು ಆಗಲೇ ಕೆದಕಬೇಡಿ.

ಇನ್ನು ರಮ್. ಅದು ಬೇಗ ನಿದ್ದೆ ಹತ್ತಿಸುತ್ತದೆ, ಕನಸಿನ ನಿದ್ದೆಯನ್ನು ಮೊದಲರ್ಧ ರಾತ್ರಿ ತಡೆಯುತ್ತದೆ. ಅಮಲು ಇಳಿದಂತೆ ತಡೆದದ್ದೆಲ್ಲ ಒಟ್ಟಿಗೆ ನುಗ್ಗುತ್ತದೆ. ಮೂರು ಗಂಟೆಯ ಕಿರುಚಾಟದಲ್ಲಿ ಇದರ ಪಾಲೂ ಇರುತ್ತದೆ. ಹಾಗಂತ ಬಾಟಲಿಯನ್ನು ಸಿಂಕಿಗೆ ಸುರಿಯಬೇಡಿ. ದಿನಾ ಕುಡಿಯುವವರು ಏಕಾಏಕಿ ಬಿಟ್ಟರೆ ನಡುಕ, ಬೆವರು, ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಕೂಡ ಬರಬಹುದು. ಬಿಡಿಸುವುದು ವೈದ್ಯರ ಕಣ್ಣೆದುರೇ ಆಗಲಿ. ನಿಮ್ಹಾನ್ಸ್‌ನಲ್ಲಿ ಅದಕ್ಕೇ ಪ್ರತ್ಯೇಕ ವಿಭಾಗವಿದೆ. ಮೆಡಿಕಲ್ ಶಾಪಿನ ನಿದ್ದೆ ಮಾತ್ರೆಯನ್ನು ರಮ್ ಜತೆ ಕೊಟ್ಟರೆ ಉಸಿರಾಟಕ್ಕೇ ಕುತ್ತು.

ಚಿಕಿತ್ಸೆಯ ಮುಖ್ಯ ಭಾಗ ಮಾತು. ಹೆದರಿ ದೂರವಿಟ್ಟ ನೆನಪನ್ನು ಚಿಕಿತ್ಸಕರ ಜೊತೆ ಕೂತು ಸ್ವಲ್ಪಸ್ವಲ್ಪವೇ ಎದುರಿಸುವ ಪದ್ಧತಿಯಲ್ಲಿ ವಾರಕ್ಕೊಂದರಂತೆ 8ರಿಂದ 15 ಭೇಟಿ, ಪ್ರತಿಯೊಂದೂ ಸುಮಾರು 90 ನಿಮಿಷ. ಶುರುವಿನಲ್ಲಿ ಕಿರಿಕಿರಿ, ಕನಸು ಹೆಚ್ಚಾಗಬಹುದು. ‘ಇನ್ನೂ ಜಾಸ್ತಿ ಆಯ್ತು’ ಅಂತ ಅಲ್ಲಿಗೇ ಬಿಡುವವರಿದ್ದಾರೆ. ಖಿನ್ನತೆ, ಆತಂಕಕ್ಕೂ ಕೊಡುವ ಸರ್ಟ್ರಲಿನ್‌ನಂಥ ಮಾತ್ರೆಗೂ ಪರಿಣಾಮ ಕಾಣಲು 4–6 ವಾರ ಬೇಕು. ಹತ್ತನೇ ದಿನಕ್ಕೆ ‘ಕೆಲಸ ಮಾಡ್ತಿಲ್ಲ’ ಎಂದು ನಿಲ್ಲಿಸಬಾರದು. ಕನಸಿಗೆ ಪ್ರಾಜೋಸಿನ್ ಬರೆದರೆ ಅದು ಬಿಪಿ ಇಳಿಸುವ ಮಾತ್ರೆಯೂ ಹೌದು. ಮೊದಲ ಡೋಸ್ ನುಂಗಿದ ರಾತ್ರಿ ತಟ್ಟನೆ ಎದ್ದರೆ ತಲೆಸುತ್ತು, ಬೀಳುವ ಸಂಭವ.

ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡಿದ್ದರೆ ಪಾಲಿಕ್ಲಿನಿಕ್‌ನಲ್ಲಿ ರೆಫರಲ್ ಪಡೆಯಿರಿ. ಇಲ್ಲದಿದ್ದರೆ ಹೊಸೂರು ರಸ್ತೆಯ ನಿಮ್ಹಾನ್ಸ್ ಹೊರರೋಗಿ ವಿಭಾಗ. 14416 ಟೆಲಿ-ಮಾನಸ್, ಉಚಿತ, ಹಗಲೂ ರಾತ್ರಿ, ಕನ್ನಡದಲ್ಲೇ ಮಾತಾಡಬಹುದು. ಯಜಮಾನರಿಗೆ ‘ನಿದ್ದೆಗೆ ತೋರಿಸೋಣ’ ಅನ್ನಿ. ಸುಳ್ಳೇನಲ್ಲವಲ್ಲ.

ಪ್ರಶ್ನೆ: ಅಣ್ಣ ಇನ್ನೂ ಸೇವೆಯಲ್ಲಿದ್ದಾನೆ, ಅವನಿಗೂ ಇಂಥದ್ದೇ ತೊಂದರೆ. ಹೇಳಿದರೆ ಕೆಲಸ ಹೋಗುತ್ತದಾ?
– ಕೆಂಗೇರಿಯ ಓದುಗ

ಉತ್ತರ: ಹೇಳಿದ ಮಾತ್ರಕ್ಕೆ ಹೋಗುವುದಿಲ್ಲ. ಸೈನಿಕರ ಆರೋಗ್ಯವನ್ನು ಅಳೆಯುವ ಸೇನೆಯ ‘ಶೇಪ್’ (SHAPE) ವರ್ಗೀಕರಣದಲ್ಲಿ ಮೊದಲ ಅಕ್ಷರ ಎಸ್, ಅಂದರೆ ಮನಸ್ಸಿನದೇ. ಕೆಟಗರಿ ತಾತ್ಕಾಲಿಕವಾಗಿ ಇಳಿಯಬಹುದು, ಮತ್ತೆ ಪರಿಶೀಲಿಸಿ ಏರಿಸುವುದೂ ಉಂಟು. ಅಷ್ಟು ದಿನ ಡ್ಯೂಟಿಗೆ, ಬಡ್ತಿಗೆ ತೊಡಕಾಗಬಹುದು, ಅದನ್ನು ಮುಚ್ಚಿಡುವುದಿಲ್ಲ. ಆದರೆ ರಜೆಗೆ ಬಂದಾಗ ಗುಟ್ಟಾಗಿ ಖಾಸಗಿ ಮಾತ್ರೆ ನುಂಗಿದರೆ ಸೇನಾ ವೈದ್ಯಕೀಯ ದಾಖಲೆಯಲ್ಲಿ ಒಂದು ಸಾಲೂ ಇರುವುದಿಲ್ಲ. ನಾಳೆ ಅಂಗವೈಕಲ್ಯ ಪಿಂಚಣಿ ಕೇಳುವಾಗ ಕಾಯಿಲೆ ಸೇವೆಯಿಂದಲೇ ಬಂತೆಂದು ತೋರಿಸಲು ಬೇಕಾಗುವುದು ಆ ದಾಖಲೆಯೇ.